ಚಿಕ್ಕ ಕಾರಿಗೆ ಯಾವ ಗ್ರೇಡ್ ಎಂಜಿನ್ ಆಯಿಲ್ ಹಾಕಿಸ್ಬೇಕು?

ಎಂಜಿನ್ ಆಯಿಲ್ ವಿಷಯ ಬಂದ್ರೆ ಎಲ್ರೂ ಮೊದಲು ಕೇಳೋದು ಯಾವ ಕಂಪನಿದು ಒಳ್ಳೇದು ಅಂತ. ಅದು ಕೊನೇಗೆ ಕೇಳ್ಬೇಕಾದ ಪ್ರಶ್ನೆ. ನಿಮ್ಮ ಕಾರಿನ ಎಂಜಿನ್ನ ಎಷ್ಟು ದಪ್ಪದ ಆಯಿಲ್‌ಗೆ ಅಂತ ಮಾಡಿದ್ದಾರೆ ಅನ್ನೋದು ಮೊದಲು ಗೊತ್ತಾಗ್ಬೇಕು, ಆಮೇಲೆ ಆ ಆಯಿಲ್ ಯಾವ ಸ್ಟ್ಯಾಂಡರ್ಡ್ ಪಾಸ್ ಆಗಿರ್ಬೇಕು ಅನ್ನೋದು. ಇವೆರಡು ಸರಿ ಇದ್ರೆ ಹೆಸರಿರೋ ಕಂಪನಿಗಳಲ್ಲಿ ಯಾವುದನ್ನ ತಗೊಂಡ್ರೂ ಎಂಜಿನ್‌ಗೆ ಅಂಥ ವ್ಯತ್ಯಾಸ ಏನೂ ಆಗಲ್ಲ, ಇವೆರಡು ತಪ್ಪಿದ್ರೆ ಎಷ್ಟೇ ದುಬಾರಿ ಕ್ಯಾನ್ ತಂದು ಸುರಿದ್ರೂ ಅಷ್ಟೇ.

ಗ್ರೇಡ್ ಅನ್ನೋ ಪದ ಕೇಳಿ ಸುಮಾರು ಜನ ಅದು ಕ್ವಾಲಿಟಿ ಅನ್ಕೊಂಡಿರ್ತಾರೆ. 50 ಅಂದ್ರೆ ಗಟ್ಟಿ ಮಾಲು, 20 ಅಂದ್ರೆ ನೀರು, ಕಂಪನಿಯವರು ಮೈಲೇಜ್ ತೋರಿಸೋಕೆ ತೆಳ್ಳಗಿನದ್ದು ಹಾಕಿ ಎಂಜಿನ್ ಹಾಳು ಮಾಡ್ತಾರೆ, ಹೀಗೆಲ್ಲ. ಗ್ರೇಡ್ ಅನ್ನೋದು ಚಪ್ಪಲಿ ನಂಬರ್ ಥರ, 9 ನಂಬರ್ 7ಕ್ಕಿಂತ ಒಳ್ಳೇದು ಅಂತ ಯಾರಾದ್ರೂ ಹೇಳ್ತಾರಾ, ಕಾಲಿಗೆ ಹಿಡಿಯೋದು ಯಾವುದೋ ಅದೇ ಒಳ್ಳೇದು. ಕ್ವಾಲಿಟಿ ಹೇಳೋ ಅಕ್ಷರಗಳು ಬೇರೆ ಇವೆ, ಅವು ಕ್ಯಾನಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರತ್ತೆ, ಅದನ್ನ ಮುಂದೆ ನೋಡೋಣ.

ಆ ನಂಬರ್‌ಗಳ ಲೆಕ್ಕ

ಕ್ಯಾನ್ ಮುಂದೆ ದೊಡ್ಡದಾಗಿ 5ಡಬ್ಲ್ಯೂ-30 ಅಂತ ಇರತ್ತಲ್ಲ, ಅದು ಎಸ್‌ಎಇ ಅನ್ನೋ ಎಂಜಿನಿಯರ್‌ಗಳ ಸಂಸ್ಥೆ ಮಾಡಿರೋ ಲೆಕ್ಕ. ಅವರ ಜೆ300 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಯಾವ ನಂಬರ್ ಹಾಕ್ಬೇಕಂದ್ರೆ ಆಯಿಲ್ ಎಷ್ಟು ದಪ್ಪ ಇರ್ಬೇಕು ಅಂತ ಟೇಬಲ್ ಇದೆ. ಡಬ್ಲ್ಯೂ ಅಂದ್ರೆ ವಿಂಟರ್, ಅದರ ಹಿಂದಿರೋ ನಂಬರ್ ಚಳೀಲಿ ಸ್ಟಾರ್ಟ್ ಮಾಡೋದಕ್ಕೆ ಸಂಬಂಧಪಟ್ಟಿದ್ದು. 0ಡಬ್ಲ್ಯೂ ಆಯಿಲ್‌ನ ಮೈನಸ್ 35 ಡಿಗ್ರಿಲಿ ಟೆಸ್ಟ್ ಮಾಡ್ತಾರೆ, 5ಡಬ್ಲ್ಯೂನ ಮೈನಸ್ 30ರಲ್ಲಿ, 10ಡಬ್ಲ್ಯೂ ಮೈನಸ್ 25, 15ಡಬ್ಲ್ಯೂ ಮೈನಸ್ 20, 20ಡಬ್ಲ್ಯೂ ಮೈನಸ್ 15. ಅಷ್ಟು ಚಳೀಲೂ ಸ್ಟಾರ್ಟರ್ ಮೋಟಾರ್ ಎಂಜಿನ್ ತಿರುಗಿಸೋಕೆ ಆಗೋ ಅಷ್ಟು ಆಯಿಲ್ ಸಡಿಲ ಇದ್ರೆ ಪಾಸು.

ಎರಡನೇ ನಂಬರ್ ಬಿಸಿ ಎಂಜಿನ್‌ದು. 100 ಡಿಗ್ರಿಲಿ ಆಯಿಲ್ ಎಷ್ಟು ದಪ್ಪ ಇದೆ ಅಂತ ಸೆಂಟಿಸ್ಟೋಕ್ ಅನ್ನೋ ಅಳತೇಲಿ ನೋಡ್ತಾರೆ, ಮಾಮೂಲಿ ನೀರು 20 ಡಿಗ್ರಿಲಿ ಸುಮಾರು 1 ಸೆಂಟಿಸ್ಟೋಕ್ ಇರತ್ತೆ ಅಂದ್ರೆ ಅಂದಾಜು ಸಿಗತ್ತೆ. 20 ಗ್ರೇಡ್‌ಗೆ 6.9ರಿಂದ 9.3ರೊಳಗೆ, 30ಕ್ಕೆ 9.3ರಿಂದ 12.5ರೊಳಗೆ, 40ಕ್ಕೆ 12.5ರಿಂದ 16.3ರೊಳಗೆ, 50ಕ್ಕೆ 16.3ರಿಂದ 21.9ರೊಳಗೆ. ಗಮನಿಸಿ, ಇದು ರೇಂಜು. 9.5 ಇರೋದೂ 30 ಗ್ರೇಡೇ, 12.3 ಇರೋದೂ 30 ಗ್ರೇಡೇ. ಹಾಗಾಗಿ ಎರಡು ಕಂಪನಿಯ 5ಡಬ್ಲ್ಯೂ-30 ಕೈಗೆ ಒಂದೇ ಥರ ಅನ್ನಿಸ್ಬೇಕಂತ ಏನಿಲ್ಲ, ಒಂದು ತೆಳ್ಳಗೆ ಕಂಡ್ರೆ ಡೂಪ್ಲಿಕೇಟ್ ಅಂತ ಗಾಬರಿ ಬೀಳೋದೂ ಬೇಡ.

ಇಲ್ಲೇ ತುಂಬಾ ಜನ ಎಡವೋದು. 5ಡಬ್ಲ್ಯೂ-30 ಅಂದ್ರೆ ತಣ್ಣಗಿದ್ದಾಗ 5ರಷ್ಟು ತೆಳ್ಳಗಿದ್ದು ಬಿಸಿ ಆದ್ಮೇಲೆ 30ರಷ್ಟು ದಪ್ಪ ಆಗತ್ತೆ ಅಂತ ಹೇಳ್ಕೊಂಡು ತಿರುಗ್ತಾರೆ. ಯಾವ ಆಯಿಲೂ ಬಿಸಿ ಆದ್ರೆ ದಪ್ಪ ಆಗಲ್ಲ, ತೆಳ್ಳಗೇ ಆಗೋದು. ಸಾಮಾನ್ಯವಾಗಿ ಸಿಗೋ 5ಡಬ್ಲ್ಯೂ-30 ಆಯಿಲ್ 40 ಡಿಗ್ರಿಲಿ 60 ಸೆಂಟಿಸ್ಟೋಕ್ ಆಸುಪಾಸು ಇರತ್ತೆ, ಅದೇ 100 ಡಿಗ್ರಿಗೆ ಬಂದಾಗ 10-11ಕ್ಕೆ ಇಳಿದಿರತ್ತೆ. 20ಡಬ್ಲ್ಯೂ-50 ಆದ್ರೆ 40 ಡಿಗ್ರಿಲೇ 150 ದಾಟಿರತ್ತೆ. ಅಂದ್ರೆ ಬೆಳಿಗ್ಗೆ ಎದ್ದು ಕೀ ತಿರುಗಿಸಿದಾಗ ಸಂಪ್‌ನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟೀಲಿ) ಕೂತಿರೋ ಆಯಿಲ್, ಯಾವ ಗ್ರೇಡೇ ಆಗಿರ್ಲಿ, ಎಂಜಿನ್‌ಗೆ ಬೇಕಾಗಿರೋದಕ್ಕಿಂತ ಎಷ್ಟೋ ಪಟ್ಟು ದಪ್ಪ ಇರತ್ತೆ, ಎಂಜಿನ್ ಸವೆತದಲ್ಲಿ ದೊಡ್ಡ ಪಾಲು ಆಗೋದು ಆ ಶುರುವಿನ ಹೊತ್ತಲ್ಲೇ, ಆಯಿಲ್ ಮೇಲಿನ ತನಕ ತಲುಪೋ ಮುಂಚೆ ಮತ್ತೆ ಎಂಜಿನ್ ಬಿಸಿ ಏರೋ ಮುಂಚೆ.

ಹಾಗಾದ್ರೆ ಮೈನಸ್ ಚಳೀನೇ ನೋಡದೆ ಇರೋ ಜಾಗದಲ್ಲಿ ಇರೋವ್ರಿಗೆ ಮೊದಲ ನಂಬರ್ ಯಾಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಚ್ಚಗಿನ ಊರಲ್ಲಿ 0ಡಬ್ಲ್ಯೂಗೂ 5ಡಬ್ಲ್ಯೂಗೂ ವ್ಯತ್ಯಾಸ ಬಹಳ ಕಮ್ಮಿ, ಅದಕ್ಕಾಗಿ ತಲೆ ಕೆಡಿಸ್ಕೊಳ್ಳೋದು ಬೇಡ. ಆದ್ರೆ 5ಡಬ್ಲ್ಯೂ ಇರ್ಬೇಕಾದ ಕಡೆ 20ಡಬ್ಲ್ಯೂ ಹಾಕಿದ್ರೆ 20 ಡಿಗ್ರಿ ಬೆಳಿಗ್ಗೇಲೂ ಗೊತ್ತಾಗತ್ತೆ, ಸ್ಟಾರ್ಟ್ ಆದ ಕೂಡ್ಲೇ ಮೇಲಿಂದ ಟಿಕ್ ಟಿಕ್ ಅಂತ ಟ್ಯಾಪೆಟ್ ಸೌಂಡ್ ಮಾಮೂಲಿಗಿಂತ ಜಾಸ್ತಿ ಹೊತ್ತು ಬರಬಹುದು, ಆಯಿಲ್ ತಲೆಗೆ ಹತ್ತೋಕೆ ಅಷ್ಟು ಟೈಮ್ ತಗೋತಿದೆ ಅಂತ ಅರ್ಥ.

ದಪ್ಪ ಹಾಕಿದ್ರೆ ಸೇಫ್ ಅಲ್ವಾ?

ಬಿಸಿಲು ಜಾಸ್ತಿ, ಆಯಿಲ್ ತೆಳ್ಳಗಾಗಿ ಹೋಗತ್ತೆ, 40 ಹಾಕ್ಸಿ, 50 ಹಾಕ್ಸಿ ಅಂತ ಸಲಹೆ ಕೊಡೋವ್ರು ಎಲ್ಲಾ ಕಡೆ ಸಿಗ್ತಾರೆ. ಕಾರಿನ ಕೂಲಿಂಗ್ ಸಿಸ್ಟಮ್‌ನಲ್ಲಿ ಥರ್ಮೋಸ್ಟಾಟ್ ಅಂತ ಒಂದು ಇದೆ, ಹೊರಗಡೆ 15 ಡಿಗ್ರಿ ಇರ್ಲಿ 42 ಇರ್ಲಿ, ಎಂಜಿನ್ ಒಳಗಿನ ಕೂಲಂಟ್‌ನ ಅದು 90 ಡಿಗ್ರಿ ಸುತ್ತಮುತ್ತ ಹಿಡಿದಿಡತ್ತೆ, ಆಯಿಲ್ ಅದರ ಜೊತೆಗೇ 90ರಿಂದ 110ರಲ್ಲಿ ಓಡಾಡ್ತಿರತ್ತೆ. ಹೊರಗಿನ ಬಿಸಿಲಿನಿಂದ ಆಯಿಲ್ ಮೇಲೆ ಪರಿಣಾಮ ಇಲ್ವೇ ಇಲ್ಲ ಅಂತಲ್ಲ, ಘಾಟಿ ಹತ್ತುವಾಗ, ಫುಲ್ ಲೋಡ್ ಹಾಕ್ಕೊಂಡು ಎಸಿ ಹಾಕ್ಕೊಂಡು ಹೈವೇಲಿ ಎಳೀವಾಗ ಏರತ್ತೆ, ಆದ್ರೆ ಜನ ಅನ್ಕೊಂಡಷ್ಟು ಅಲ್ಲ. ನಿಮ್ಮ ಮಾಡೆಲ್‌ನ ಬಿಸಿ ಜಾಗಗಳಲ್ಲೂ ಮಾರ್ತಾರೆ ಅಂದ್ರೆ ಮ್ಯಾನ್ಯುಯಲ್ ಬರೆದವರು ಆ ಬಿಸಿಲನ್ನೂ ಲೆಕ್ಕಕ್ಕೆ ತಗೊಂಡೇ ಬರೆದಿರ್ತಾರೆ.

ದಪ್ಪ ಆಯಿಲ್‌ನಿಂದ ಏನು ತೊಂದರೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲಾ ತಪ್ಪು ಆಯ್ಕೆಗಳ ಮೂಲ ಇದೇ. ಈಗಿನ ಚಿಕ್ಕ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ಗೂ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಅದರ ಬೇರಿಂಗ್‌ಗೂ ನಡುವೆ ಇರೋ ಸಂದು ಸುಮಾರು 0.02ರಿಂದ 0.05 ಮಿಲಿಮೀಟರ್. ಆ ಸಂದಿಯೊಳಗೆ ಆಯಿಲ್ ಬರೀ ಕೂತಿರೋದಲ್ಲ, ಸತತವಾಗಿ ಹರೀತಾ ಇರ್ಬೇಕು, ಹರೀತಾ ಅಲ್ಲಿನ ಬಿಸೀನ ಹೊತ್ಕೊಂಡು ಹೋಗ್ಬೇಕು. ದಪ್ಪ ಆಯಿಲ್ ಹಾಕಿದ್ರೆ ಪ್ರೆಶರ್ ಜಾಸ್ತಿ ತೋರಿಸತ್ತೆ, ಅದನ್ನ ನೋಡಿ ಎಂಜಿನ್ ಭದ್ರ ಅನ್ಕೋತಾರೆ, ಆದ್ರೆ ಪ್ರೆಶರ್ ಜಾಸ್ತಿ ಅಂದ್ರೆ ಹರಿವಿಗೆ ಅಡ್ಡಿ ಜಾಸ್ತಿ ಅಂತಲೂ ಅರ್ಥ. ಪ್ರೆಶರ್ ಒಂದು ಮಿತಿ ದಾಟಿದ್ರೆ ಪಂಪ್‌ನಲ್ಲಿರೋ ರಿಲೀಫ್ ವಾಲ್ವ್ ತೆರೆದು ಆಯಿಲ್‌ನ ವಾಪಸ್ ಬಿಡತ್ತೆ, ಆಯಿಲ್ ಫಿಲ್ಟರ್ ಒಳಗಿನ ಬೈಪಾಸ್ ವಾಲ್ವೂ ಕೋಲ್ಡ್ ಸ್ಟಾರ್ಟ್‌ನಲ್ಲಿ ತೆರೆದ್ಕೊಳ್ಳತ್ತೆ, ಅಂದ್ರೆ ಸೋಸದೇ ಇರೋ ಆಯಿಲ್ ನೇರ ಬೇರಿಂಗ್‌ಗೆ.

ಇನ್ನು ವೇರಿಯಬಲ್ ವಾಲ್ವ್ ಟೈಮಿಂಗ್. ಇವತ್ತಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಇದು ಇದ್ದೇ ಇರತ್ತೆ, ವಾಲ್ವ್‌ಗಳನ್ನ ತೆರೆಯೋ ಕ್ಯಾಮ್‌ಶಾಫ್ಟ್‌ನ ಮುಂದೆ ಹಿಂದೆ ಸರಿಸೋ ಕೆಲಸಾನ ಎಂಜಿನ್ ಆಯಿಲ್ ಪ್ರೆಶರ್‌ನಿಂದಲೇ ಮಾಡಿಸ್ತಾರೆ. ಸಣ್ಣ ಸಣ್ಣ ರಂಧ್ರಗಳು, ಅನೇಕ ಕಡೆ ಒಂದು ಪುಟ್ಟ ಜಾಲರಿ, ಅದರ ಮೂಲಕ ಆಯಿಲ್ ಇಷ್ಟೇ ಹೊತ್ತಲ್ಲಿ ಇಷ್ಟು ಹೋಗ್ಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕಿರತ್ತೆ. ಗ್ರೇಡ್ ತಪ್ಪಿದ್ರೆ ಕ್ಯಾಮ್ ಹೇಳಿದ ಟೈಮ್‌ಗೆ ಹೇಳಿದ ಜಾಗಕ್ಕೆ ಬರಲ್ಲ, ಚೆಕ್ ಎಂಜಿನ್ ಲೈಟ್ ಬರತ್ತೆ, ಸ್ಕ್ಯಾನರ್ ಹಾಕಿ ನೋಡಿದ್ರೆ ಪಿ0011 ಥರದ ಕೋಡ್. ಆ ಕೋಡ್ ನೋಡಿದ ಕೂಡ್ಲೇ ಸೆನ್ಸರ್ ಬದ್ಲಾಯಿಸಿ ಸೋಲೆನಾಯ್ಡ್ ಬದ್ಲಾಯಿಸಿ ಅಂತ ಶುರು ಮಾಡ್ತಾರೆ, ಒಳಗೆ ಯಾವ ಆಯಿಲ್ ಇದೆ, ಎಷ್ಟು ಇದೆ, ಎಷ್ಟು ಹಳೇದು ಅಂತ ಮೊದಲು ಕೇಳ್ಬೇಕು.

ಮೈಲೇಜ್ ಕಮ್ಮಿ ಆಗೋದು ಇದ್ದೇ ಇದೆ, ಪಂಪ್ ಆ ದಪ್ಪ ಆಯಿಲ್‌ನ ತಳ್ಳೋಕೆ ಇಂಧನ ಸುಡ್ಬೇಕಲ್ಲ.

ಇದರ ಉಲ್ಟಾನೂ ತಪ್ಪೇ. 30 ಅಥವಾ 40 ಬೇಡೋ ಎಂಜಿನ್‌ಗೆ ಮೈಲೇಜ್ ಆಸೆಗೆ 0ಡಬ್ಲ್ಯೂ-16 ಹಾಕೋದು ಇನ್ನೂ ದೊಡ್ಡ ತಪ್ಪು. 150 ಡಿಗ್ರಿಲಿ, ಬೇರಿಂಗ್ ಒಳಗಿನ ಹಾಗೆ ಜೋರಾಗಿ ಉಜ್ಜೋ ಸ್ಥಿತೀಲಿ ಆಯಿಲ್ ಎಷ್ಟು ದಪ್ಪ ಉಳಿದಿರತ್ತೆ ಅಂತ ಇನ್ನೊಂದು ಟೆಸ್ಟ್ ಇದೆ, ಎಚ್‌ಟಿಎಚ್‌ಎಸ್ ಅಂತಾರೆ. ಅದರಲ್ಲಿ (ಅಳತೆ ಸೆಂಟಿಸ್ಟೋಕ್ ಅಲ್ಲ, ಮಿಲಿಪಾಸ್ಕಲ್-ಸೆಕೆಂಡ್) 16 ಗ್ರೇಡ್‌ಗೆ ಕನಿಷ್ಠ 2.3 ಬೇಕು, 20ಕ್ಕೆ 2.6, 30ಕ್ಕೆ 2.9, 5ಡಬ್ಲ್ಯೂ-40 ಥರದ್ದಕ್ಕೆ 3.5. 3.5ಕ್ಕೆ ಅಂತ ಬೇರಿಂಗ್ ಮಾಡಿರೋ ಎಂಜಿನ್‌ಗೆ 2.3ರದ್ದು ಹಾಕಿದ್ರೆ ಲೋಹ ಲೋಹ ತಾಗೋ ಚಾನ್ಸ್ ಜಾಸ್ತಿ. ಬಿಸಿ ಎಂಜಿನ್ ಐಡಲ್‌ನಲ್ಲಿ ಇರುವಾಗ ಕೆಂಪು ಆಯಿಲ್ ಲೈಟ್ ಮಿಣುಕಿದ್ರೆ ಅಲ್ಲೇ ಎಂಜಿನ್ ಆಫ್ ಮಾಡಿ, ಮನೆ ತನಕ ಹೋಗಿ ನೋಡೋಣ ಅನ್ಬೇಡಿ.

ಮ್ಯಾನ್ಯುಯಲ್ ತೆಗೀರಿ

ಗ್ಲೋವ್ ಬಾಕ್ಸ್‌ನಲ್ಲಿ ಬಿದ್ದಿರೋ ಆ ಪುಸ್ತಕ ತೆಗೆದು ಕೊನೇ ಭಾಗದಲ್ಲಿ ಸ್ಪೆಸಿಫಿಕೇಶನ್ಸ್ ಅಥವಾ ಲೂಬ್ರಿಕೆಂಟ್ಸ್ ಅಂತ ಇರೋ ಪೇಜ್ ನೋಡಿ. ಪುಸ್ತಕ ಕಳೆದೋಗಿದ್ರೆ ಕಂಪನಿ ವೆಬ್‌ಸೈಟಲ್ಲಿ ಸಾಮಾನ್ಯವಾಗಿ ಪಿಡಿಎಫ್ ಸಿಗತ್ತೆ, ಮಾಡೆಲ್ ಮತ್ತೆ ವರ್ಷ ಸರಿ ನೋಡ್ಕೊಂಡು ಡೌನ್‌ಲೋಡ್ ಮಾಡಿ, ಒಂದೇ ಹೆಸರಿನ ಕಾರಲ್ಲಿ ವರ್ಷ ಬದಲಾದ್ರೆ ಎಂಜಿನ್ ಬದಲಾಗಿರತ್ತೆ, ಎಂಜಿನ್ ಬದಲಾದ್ರೆ ಗ್ರೇಡ್ ಬದಲಾಗಿರತ್ತೆ. ಕೆಲವು ಕಾರಲ್ಲಿ ಆಯಿಲ್ ಹಾಕೋ ಮುಚ್ಚಳದ ಮೇಲೇನೇ ಗ್ರೇಡ್ ಅಚ್ಚು ಹಾಕಿರ್ತಾರೆ, ಬಾನೆಟ್ ಎತ್ತಿ ನೋಡಿದ್ರೆ ಆಯ್ತು.

ಆ ಪೇಜಲ್ಲಿ ಮೂರು ವಿಷಯ ಬರ್ಕೊಳ್ಳಿ. ಗ್ರೇಡ್ ಅಥವಾ ಗ್ರೇಡ್‌ಗಳು, ಸ್ಟ್ಯಾಂಡರ್ಡ್, ಮತ್ತೆ ಫಿಲ್ಟರ್ ಸಮೇತ ಎಷ್ಟು ಲೀಟರ್ ಅನ್ನೋದು. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 4 ಲೀಟರ್ ಒಳಗೇ ಇರತ್ತೆ, ಆದ್ರೆ 3.1 ಅಂತ ಇದ್ರೆ 3.1ಏ, 3.5 ಡಬ್ಬ ತಂದಿದೀನಿ ಪೂರ್ತಿ ಸುರೀತೀನಿ ಅನ್ನೋ ಹಾಗಿಲ್ಲ.

ಬಹಳ ಮ್ಯಾನ್ಯುಯಲ್‌ಗಳಲ್ಲಿ ಒಂದೇ ಗ್ರೇಡ್ ಇರಲ್ಲ, ಉದ್ದಕ್ಕೆ ಥರ್ಮಾಮೀಟರ್ ಥರ ಗೆರೆ ಹಾಕಿ ಹೊರಗಿನ ಟೆಂಪರೇಚರ್ ಇಷ್ಟರಿಂದ ಇಷ್ಟರ ತನಕ ಈ ಗ್ರೇಡ್ ಅಂತ ಪಟ್ಟಿಗಳು ಇರತ್ತೆ. ಅದರಲ್ಲಿ ನಿಮ್ಮ ಊರಿನ ವರ್ಷದ ಅತಿ ಚಳಿ ಮತ್ತೆ ಅತಿ ಬಿಸಿಲು ಎರಡೂ ಯಾವ ಪಟ್ಟಿ ಒಳಗೆ ಬರತ್ತೆ ನೋಡಿ. ಉದಾಹರಣೆಗೆ 1.2 ಲೀಟರ್ ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯೂ-20 ಉತ್ತಮ, ಸಿಗದಿದ್ರೆ 5ಡಬ್ಲ್ಯೂ-30 ಹಾಕಬಹುದು ಅಂತ ಇದೆ ಅನ್ಕೊಳ್ಳಿ. ಸಿಟೀಲಿ ಆಫೀಸು ಮನೆ ಅಂತ ಓಡಾಡೋರು 0ಡಬ್ಲ್ಯೂ-20ಗೇ ಅಂಟ್ಕೊಳ್ಳಿ, ದಿನಾ ಕೋಲ್ಡ್ ಸ್ಟಾರ್ಟ್, ಎಂಜಿನ್ ಪೂರ್ತಿ ಬಿಸಿ ಆಗೋ ಮುಂಚೇನೇ ಆಫ್, ಅವ್ರಿಗೆ ತೆಳ್ಳಗಿನದ್ದೇ ಲಾಭ. ವಾರವಾರ ಫುಲ್ ಲೋಡಲ್ಲಿ ಘಾಟಿ ಹತ್ತಿ ಇಳಿಯೋರು, ಗಂಟೆಗಟ್ಟಲೆ ಹೈ ಸ್ಪೀಡಲ್ಲಿ ಹೋಗೋರು 5ಡಬ್ಲ್ಯೂ-30 ಆರಿಸ್ಕೊಂಡ್ರೆ ನನ್ನ ಆಕ್ಷೇಪ ಇಲ್ಲ, ಮ್ಯಾನ್ಯುಯಲ್‌ನಲ್ಲೇ ಇದೆಯಲ್ಲ. ಪಟ್ಟೀಲಿ ಇಲ್ಲದ 15ಡಬ್ಲ್ಯೂ-40ಗೆ ಹೋಗೋದಕ್ಕೆ ಮಾತ್ರ ಕಾರಣ ಯಾವುದೂ ಇಲ್ಲ. ವಾರಂಟಿ ಇರೋ ಕಾರಾದ್ರೆ ಬಿಲ್‌ನಲ್ಲಿ ಗ್ರೇಡ್ ಮತ್ತೆ ಸ್ಟ್ಯಾಂಡರ್ಡ್ ಬರೆಸ್ಕೊಳ್ಳಿ, ಬರೀ ಎಂಜಿನ್ ಆಯಿಲ್ ಅಂತ ಒಂದು ಲೈನ್ ಬೇಡ.

ಕ್ಯಾನಿನ ಹಿಂದೆ ಏನಿರತ್ತೆ

ಅಂಗಡೀಲಿ ಕ್ಯಾನ್ ಕೈಗೆ ತಗೊಂಡ್ರೆ ಮೊದಲು ಅದನ್ನ ತಿರುಗಿಸಿ. ಮುಂದಿನ ಕಡೆ ಇರೋ ಮ್ಯಾಗ್ನಾ, ಅಲ್ಟ್ರಾ, ಪವರ್ ಎಲ್ಲ ಮಾರೋಕೆ ಇಟ್ಟ ಹೆಸರುಗಳು, ಅದರಲ್ಲಿ ಮಾಹಿತಿ ಏನೂ ಇಲ್ಲ. ಹಿಂದೆ ಎಪಿಐ ಎಸ್‌ಪಿ ಅಥವಾ ಎಸಿಇಎ ಸಿ3 ಈ ಥರ ಇರತ್ತೆ, ಓದ್ಬೇಕಾಗಿರೋದು ಅದು.

ಎಪಿಐ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯದ್ದು. ಎಸ್‌ನಿಂದ ಶುರುವಾದ್ರೆ ಪೆಟ್ರೋಲ್ ಎಂಜಿನ್‌ಗೆ, ಸಿನಿಂದ ಶುರುವಾದ್ರೆ ಡೀಸೆಲ್‌ಗೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎನ್ 2010ರಲ್ಲಿ ಬಂತು, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಪೆಟ್ರೋಲ್ ಕಡೆ ಹೊಸ ಅಕ್ಷರ ಹಳೇದರ ಕೆಲಸಾನೂ ಮಾಡತ್ತೆ, ಮ್ಯಾನ್ಯುಯಲ್‌ನಲ್ಲಿ ಎಸ್‌ಎಮ್ ಅಂತ ಇದ್ರೆ ಎಸ್‌ಪಿ ಹಾಕಬಹುದು, ಎಸ್‌ಪಿ ಅಂತ ಇದ್ರೆ ಎಸ್‌ಎಮ್ ಹಾಕೋ ಹಾಗಿಲ್ಲ. ಕೆಲವು ಕ್ಯಾನ್ ಮೇಲೆ ದುಂಡಗೆ ಎರಡು ವೃತ್ತ ಇರೋ ಗುರುತು ಇರತ್ತೆ, ಮೇಲೆ ಎಪಿಐ ಅಕ್ಷರ, ನಡುವೆ ಎಸ್‌ಎಇ ಗ್ರೇಡ್, ಅದು ಲೈಸೆನ್ಸ್ ತಗೊಂಡವರು ಮಾತ್ರ ಹಾಕಬೇಕಾದ ಗುರುತು, ಎಪಿಐ ವೆಬ್‌ಸೈಟಲ್ಲಿ ಕಂಪನಿ ಹೆಸರು ಹಾಕಿ ಲೈಸೆನ್ಸ್ ನಿಜಾನಾ ಅಂತ ಚೆಕ್ ಮಾಡಬಹುದು.

ಐಎಲ್‌ಸ್ಯಾಕ್ (ಅಮೆರಿಕ, ಜಪಾನ್ ಕಾರು ಕಂಪನಿಗಳು ಸೇರಿ ಮಾಡಿರೋ ಸ್ಟ್ಯಾಂಡರ್ಡ್) ಜಿಎಫ್-6ಎ, ಜಿಎಫ್-6ಬಿ ಅಂತಲೂ ಕಾಣಿಸತ್ತೆ. ಎರಡೂ ಎಸ್‌ಪಿ ಕಾಲದ್ದೇ, ಬಿ ಅನ್ನೋದು 0ಡಬ್ಲ್ಯೂ-16ಗೆ ಮಾತ್ರ. ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯೂ-16 ಇಲ್ಲ ಅಂದ್ರೆ ಜಿಎಫ್-6ಬಿ ಡಬ್ಬಿ ಮುಟ್ಟಬೇಡಿ.

ಎಸಿಇಎ ಯುರೋಪಿನ ಕಾರು ಕಂಪನಿಗಳ ಒಕ್ಕೂಟ. ಇಲ್ಲಿ ಅಕ್ಷರ ಜಾಸ್ತಿ ಆದ್ರೆ ಹೊಸದು ಅನ್ನೋ ಲೆಕ್ಕ ನಡೆಯಲ್ಲ, ಬೇರೆ ಬೇರೆ ಎಂಜಿನ್‌ಗೆ ಬೇರೆ ಬೇರೆ. ಎ3/ಬಿ4 ಅಂದ್ರೆ ಎಚ್‌ಟಿಎಚ್‌ಎಸ್ 3.5ಕ್ಕಿಂತ ಕಮ್ಮಿ ಇರಬಾರದು, ಎ5/ಬಿ5 ಅಂದ್ರೆ 2.9ರಿಂದ 3.5. ಎರಡರಲ್ಲೂ 5ಡಬ್ಲ್ಯೂ-30 ಸಿಗತ್ತೆ ನೋಡಿ! ಮುಂದೆ ಒಂದೇ ನಂಬರ್, ಒಳಗೆ ಬೇರೆ ಬೇರೆ ಆಯಿಲ್, ಗ್ರೇಡ್ ಒಂದನ್ನೇ ನೋಡಿ ತಗೋಬೇಡಿ ಅನ್ನೋದು ಇದಕ್ಕೇ.

ಇದರ ಮೇಲೆ ಕೆಲವು ಕಾರು ಕಂಪನಿಗಳದ್ದೇ ಸ್ವಂತ ನಂಬರ್ ಇರತ್ತೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗೆ ವಿಡಬ್ಲ್ಯೂ 504 00, 508 00 ಈ ಥರ, 508 00 ಅನ್ನೋದು 0ಡಬ್ಲ್ಯೂ-20, ಅದನ್ನ ಕೇಳದೇ ಇರೋ ಹಳೇ ಎಂಜಿನ್‌ಗೆ ಹಾಕೋ ಹಾಗಿಲ್ಲ. ಮ್ಯಾನ್ಯುಯಲ್‌ನಲ್ಲಿ ಇಂಥ ನಂಬರ್ ಇದ್ರೆ ಕ್ಯಾನ್ ಮೇಲೆ ಅದೇ ನಂಬರ್ ಹುಡುಕಿ, ಮತ್ತೆ ಅದರ ಪಕ್ಕದ ಪದಾನೂ ನೋಡಿ. ಅಪ್ರೂವ್ಡ್ ಅಂತ ಇದ್ರೆ ಕಾರು ಕಂಪನಿ ಒಪ್ಪಿಗೆ ಕೊಟ್ಟಿದೆ. ಮೀಟ್ಸ್ ರಿಕ್ವೈರ್‌ಮೆಂಟ್ಸ್, ಸೂಟಬಲ್ ಫಾರ್, ರೆಕಮೆಂಡೆಡ್ ಫಾರ್ ಅಂತ ಇದ್ರೆ ಅದು ಆಯಿಲ್ ಮಾಡಿದವರ ಮಾತು, ಸುಳ್ಳು ಅಂತ ಅಲ್ಲ, ಆದ್ರೆ ಮೂರನೆಯವರು ಯಾರೂ ಮುದ್ರೆ ಒತ್ತಿಲ್ಲ.

ಟರ್ಬೋ, ಡೀಸೆಲ್, ಮತ್ತೆ ಉಳಿದವು

ಚಿಕ್ಕ ಟರ್ಬೋ ಪೆಟ್ರೋಲ್, ಅದರಲ್ಲೂ ಡೈರೆಕ್ಟ್ ಇಂಜೆಕ್ಷನ್ ಇರೋ 1.0 ಲೀಟರ್ ಮೂರು ಸಿಲಿಂಡರ್ ಎಂಜಿನ್‌ಗಳಿಗೆ ಸ್ಟ್ಯಾಂಡರ್ಡ್ ವಿಷಯದಲ್ಲಿ ರಾಜಿ ಬೇಡ. ಕಮ್ಮಿ ಆರ್‌ಪಿಎಮ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕ್ ಬರೋ ಮುಂಚೇನೇ ಮಿಶ್ರಣ ಹತ್ಕೊಂಡುಬಿಡೋ ಒಂದು ಸಮಸ್ಯೆ ಇವುಗಳಲ್ಲಿ ಇದೆ, ಎಲ್‌ಎಸ್‌ಪಿಐ ಅಂತಾರೆ, ಜೋರಾಗಿ ಆದ್ರೆ ಪಿಸ್ಟನ್ನೇ ಒಡೆಯತ್ತೆ. ಸಿಲಿಂಡರ್ ಗೋಡೆ ಮೇಲಿನ ಆಯಿಲ್ ಹನಿಗಳದ್ದೂ ಅದರಲ್ಲಿ ಪಾತ್ರ ಇದೆ, ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ರೆ ಇದು ಹೆಚ್ಚು. ಎಸ್‌ಪಿಯಲ್ಲಿ ಇದಕ್ಕೆ ಅಂತಲೇ ಟೆಸ್ಟ್ ಇದೆ, ಹಾಗಾಗಿ ಈ ಎಂಜಿನ್‌ಗಳಿಗೆ ಎಸ್‌ಎಮ್, ಎಸ್‌ಎಲ್ ಅಂತ ಹಳೇ ಸ್ಟಾಕ್ ಅಗ್ಗಕ್ಕೆ ಸಿಕ್ತು ಅಂತ ಹಾಕಿಸ್ಬೇಡಿ. ಇನ್ನು ಕೆಲವು ಚಿಕ್ಕ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಮುಳುಗಿ ಓಡತ್ತೆ, ಫೋರ್ಡ್‌ನ 1.0 ಇಕೋಬೂಸ್ಟ್, ಪ್ಯೂಜೋ ಸಿಟ್ರೊಯೆನ್‌ನ 1.2 ಪ್ಯೂರ್‌ಟೆಕ್ ಇವೆಲ್ಲ ಹಾಗೆ ಬಂದವು. ಅಲ್ಲಿ ತಪ್ಪು ಆಯಿಲ್ ಬೆಲ್ಟ್ ರಬ್ಬರ್‌ನ ಕರಗಿಸಿ ಚೂರು ಚೂರು ಮಾಡತ್ತೆ, ಆ ಚೂರು ಹೋಗಿ ಪಂಪ್‌ನ ಜಾಲರಿ ಕಟ್ಟತ್ತೆ, ಆಯಿಲ್ ಪ್ರೆಶರ್ ಹೋಗತ್ತೆ. ಅಂಥ ಕಾರಿದ್ರೆ ಮ್ಯಾನ್ಯುಯಲ್‌ನಲ್ಲಿ ಬರೆದಿರೋ ಸ್ಪೆಕ್ ಅಕ್ಷರ ಸಮೇತ ಮ್ಯಾಚ್ ಆಗ್ಬೇಕು.

ಡೀಸೆಲ್ ಚಿಕ್ಕ ಕಾರಲ್ಲಿ ಡಿಪಿಎಫ್, ಅಂದ್ರೆ ಹೊಗೆಯಲ್ಲಿನ ಮಸಿ ಹಿಡಿಯೋ ಫಿಲ್ಟರ್, ಇದ್ಯಾ ಇಲ್ವಾ ಅನ್ನೋದು ಮೊದಲ ಪ್ರಶ್ನೆ. ಆಯಿಲ್‌ನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ, ಜಿಂಕ್ ಥರದ ಲೋಹದ ಅಂಶ ಸುಟ್ಟಾಗ ಬೂದಿ ಆಗಿ ಡಿಪಿಎಫ್ ಒಳಗೆ ಕೂರತ್ತೆ. ಮಸಿ ಆದ್ರೆ ರೀಜನರೇಶನ್‌ನಲ್ಲಿ (ಫಿಲ್ಟರ್ ತನ್ನನ್ನೇ ಬಿಸಿ ಮಾಡಿ ಶುಚಿ ಮಾಡ್ಕೊಳ್ಳೋ ಹೊತ್ತಲ್ಲಿ) ಸುಟ್ಟೋಗತ್ತೆ, ಬೂದಿ ಸುಡಲ್ಲ, ಹಾಗೇ ತುಂಬ್ತಾ ಹೋಗತ್ತೆ. ಅದಕ್ಕೆ ಎಸಿಇಎ ಸಿ2, ಸಿ3 ಅಂತ ಬೂದಿ ಕಮ್ಮಿ ಇರೋ ಆಯಿಲ್ ಮಾಡಿರೋದು, ಸಿ3ರಲ್ಲಿ ಬೂದಿ ಶೇಕಡ 0.8 ದಾಟಬಾರದು, ಎ3/ಬಿ4ರಲ್ಲಿ 1.6ರ ತನಕ ಇರಬಹುದು. ಡಿಪಿಎಫ್ ಇರೋ ಕಾರಿಗೆ ಎ3/ಬಿ4 ಹಾಕಿದ್ರೆ ಎಂಜಿನ್‌ಗೆ ಏನೂ ಆಗದೇ ಇರಬಹುದು, ಫಿಲ್ಟರ್ ಬೇಗ ಕಟ್ಕೊಳ್ಳತ್ತೆ, ಆಮೇಲಿನ ಬಿಲ್ ಆಯಿಲ್ ಬಿಲ್‌ಗಿಂತ ಎಷ್ಟೋ ದೊಡ್ಡದು.

ಹೈಬ್ರಿಡ್ ಕಾರಿನ ಎಂಜಿನ್ ಓಡುವಾಗ ಮಧ್ಯೆ ಮಧ್ಯೆ ಆಫ್ ಆಗ್ತಾ ಆನ್ ಆಗ್ತಾ ಇರತ್ತೆ, ಬಿಸಿ ನಿಲ್ಲಲ್ಲ, ಅದಕ್ಕೇ 0ಡಬ್ಲ್ಯೂ-16, 0ಡಬ್ಲ್ಯೂ-20 ಹೇಳಿರ್ತಾರೆ. ಸಿಎನ್‌ಜಿ ಕಂಪನಿಯಿಂದಲೇ ಫಿಟ್ ಆಗಿ ಬಂದಿದ್ರೆ ಮ್ಯಾನ್ಯುಯಲ್‌ನಲ್ಲಿ ಅದಕ್ಕೇ ಬೇರೆ ಸಾಲು ಇದ್ಯಾ ನೋಡಿ, ಇಲ್ಲದಿದ್ರೆ ಪೆಟ್ರೋಲ್‌ದೇ ಗ್ರೇಡ್. ಬೈಕ್ ಆಯಿಲ್ ಮಿಕ್ಕಿದೆ ಅಂತ ಕಾರಿಗೆ ಸುರಿಯೋರೂ ಇದ್ದಾರೆ, ಬೇಡ. ಉಲ್ಟಾ ಮಾಡಿದ್ರೆ ಇನ್ನೂ ತೊಂದರೆ, ಬೈಕಲ್ಲಿ ಕ್ಲಚ್ಚೂ ಅದೇ ಆಯಿಲಲ್ಲಿ ಮುಳುಗಿರೋದ್ರಿಂದ ಕಾರಿನ ಆಯಿಲ್‌ಗೆ ಜಾರೋಕೆ ಶುರು ಮಾಡತ್ತೆ.

ಸಿಂಥೆಟಿಕ್ಕೇ ಬೇಕಾ ಅಂದ್ರೆ, 0ಡಬ್ಲ್ಯೂ ಗ್ರೇಡ್ ಬೇಕಿದ್ರೆ ಆಯ್ಕೇನೇ ಇಲ್ಲ, ಸಾಮಾನ್ಯವಾಗಿ ಅದು ಸಿಂಥೆಟಿಕ್ ಆಗೇ ಬರೋದು. ಟರ್ಬೋ ಇದ್ರೂ ಸಿಂಥೆಟಿಕ್ಕೇ ಹಾಕ್ಸಿ, ಟರ್ಬೋ ಬೇರಿಂಗ್ ಹತ್ತಿರದ ಬಿಸಿಗೆ ಸಾದಾ ಆಯಿಲ್ ಸುಟ್ಟು ಕರಕಲಾಗತ್ತೆ. ಟರ್ಬೋ ಇಲ್ಲದ ಹಳೇ ಎಂಜಿನ್, ಮ್ಯಾನ್ಯುಯಲ್‌ನಲ್ಲಿ 10ಡಬ್ಲ್ಯೂ-30 ಅಂತ ಇದೆ, ಟೈಮ್‌ಗೆ ಸರಿಯಾಗಿ ಬದಲಾಯಿಸ್ತೀರಾ, ಮಿನರಲ್ ಆಯಿಲಲ್ಲೇ ಆರಾಮಾಗಿ ಹೋಗತ್ತೆ. ಸೆಮಿ ಸಿಂಥೆಟಿಕ್ ಅಂತ ಬರೆದಿದ್ರೆ ಅದರಲ್ಲಿ ಸಿಂಥೆಟಿಕ್ ಎಷ್ಟು ಪಾಲು ಅಂತ ಕ್ಯಾನ್ ಮೇಲೆ ಸಾಮಾನ್ಯವಾಗಿ ಹೇಳಿರಲ್ಲ, ನಾನಂತೂ ಆ ಪದಕ್ಕೆ ಜಾಸ್ತಿ ದುಡ್ಡು ಕೊಡಲ್ಲ.

ಕಾರು ಹಳೇದಾಯ್ತು, ಆಯಿಲ್ ಕುಡೀತಿದೆ

ಲಕ್ಷ ಕಿಲೋಮೀಟರ್ ದಾಟ್ತು, ಇನ್ನು ದಪ್ಪ ಆಯಿಲ್‌ಗೆ ಹೋಗಿ ಅನ್ನೋದು ಗ್ಯಾರೇಜ್‌ಗಳಲ್ಲಿ ಮಾಮೂಲು ಮಾತು. ಕಿಲೋಮೀಟರ್ ಒಂದೇ ಕಾರಣಕ್ಕೆ ಗ್ರೇಡ್ ಬದಲಾಯಿಸೋದು ಬೇಡ, ಎರಡು ಆಯಿಲ್ ಚೇಂಜ್ ನಡುವೆ ಲೆವೆಲ್ ಇಳೀತಿಲ್ಲ, ಸೌಂಡ್ ಇಲ್ಲ, ಹೊಗೆ ಇಲ್ಲ ಅಂದ್ರೆ ಅದೇ ಗ್ರೇಡ್‌ನಲ್ಲಿ ಮುಂದುವರೀರಿ. ಇಳೀತಿದೆ ಅಂದ್ರೆ ಮೊದಲು ಎಲ್ಲಿಗೆ ಹೋಗ್ತಿದೆ ಅಂತ ಹುಡುಕಿ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಒಂದು ರಟ್ಟು ಹಾಕಿಡಿ, ಬೆಳಿಗ್ಗೆ ಕಲೆ ಇದ್ರೆ ಲೀಕು. ಕಲೆ ಇಲ್ಲ, ಆದ್ರೆ ರಾತ್ರಿ ಪೂರ್ತಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಅಂತ ನೀಲಿ ಹೊಗೆ ಬಂದು ಆಮೇಲೆ ನಿಂತ್ರೆ ವಾಲ್ವ್ ಸೀಲ್ ಮೇಲೆ ಅನುಮಾನ. ಎಳೀವಾಗೆಲ್ಲ ಹಿಂದೆ ನೀಲಿ ಹೊಗೆ ಇದ್ರೆ ಪಿಸ್ಟನ್ ರಿಂಗ್. ಇವೆರಡಕ್ಕೂ ಮುಂಚೆ ಪಿಸಿವಿ ವಾಲ್ವ್ (ಎಂಜಿನ್ ತಳದಲ್ಲಿ ಸೇರೋ ಆವಿ ಹೊರಗೆ ಎಳೆಯೋ ವಾಲ್ವ್) ಚೆಕ್ ಮಾಡಿಸಿ, ಅನೇಕ ಕಾರಲ್ಲಿ ಅದೊಂದು ಪುಟ್ಟ ಅಗ್ಗದ ಪಾರ್ಟು, ಅದು ಕಟ್ಕೊಂಡ್ರೂ ಆಯಿಲ್ ಕುಡಿಯತ್ತೆ, ಅದನ್ನ ನೋಡದೇ ಎಂಜಿನ್ ಕೆಲಸಕ್ಕೆ ಇಳಿಯೋದು ದುಡ್ಡು ದಂಡ.

ಸವೆತ ನಿಜ ಅಂತ ಗೊತ್ತಾಗಿ, ಎಂಜಿನ್ ಕೆಲಸ ಈಗಲೇ ಬೇಡ ಅಂತಾದ್ರೆ ಒಂದು ಮೆಟ್ಟಿಲು ಮೇಲೆ ಹೋಗಬಹುದು, ಅದೂ ಎರಡನೇ ನಂಬರ್‌ನಲ್ಲಿ ಮಾತ್ರ. 5ಡಬ್ಲ್ಯೂ-30 ಇದ್ದಿದ್ದು 5ಡಬ್ಲ್ಯೂ-40. ಮೊದಲ ನಂಬರ್ ಹಾಗೇ ಇರ್ಲಿ, ಬೆಳಗಿನ ಸ್ಟಾರ್ಟ್‌ಗೆ ತೊಂದರೆ ಮಾಡ್ಕೊಳ್ಳೋದು ಯಾಕೆ. ಮ್ಯಾನ್ಯುಯಲ್‌ನಲ್ಲಿ 40 ಕೂಡ ಇದ್ರೆ ಚಿಂತೆನೇ ಇಲ್ಲ. ಹೈ ಮೈಲೇಜ್ ಅಂತ ಬರೆದಿರೋ ಆಯಿಲ್‌ಗಳಲ್ಲಿ ಗಟ್ಟಿಯಾದ ರಬ್ಬರ್ ಸೀಲ್‌ಗಳನ್ನ ಸ್ವಲ್ಪ ಮೆತ್ತಗೆ ಮಾಡೋ ಅಂಶ ಇರತ್ತೆ, ಸಣ್ಣ ಜಿನುಗಿಗೆ ಕೆಲವೊಮ್ಮೆ ಕೆಲಸ ಮಾಡತ್ತೆ. ಬೇರಿಂಗ್ ಸೌಂಡ್ ಮುಚ್ಚಿಹಾಕೋಕೆ 20ಡಬ್ಲ್ಯೂ-50 ಸುರಿದು ಮಾರೋರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರು ಒಳಗಿರೋ ಆಯಿಲ್ ಯಾವುದು ಅಂತ ನಂಬೋಕೆ ಹೋಗ್ಬೇಡಿ, ತಗೊಂಡ ಕೂಡ್ಲೇ ಫಿಲ್ಟರ್ ಸಮೇತ ಬದಲಾಯಿಸಿ, ಅಲ್ಲಿಂದ ಲೆಕ್ಕ ಶುರು ಮಾಡಿ. ಕಾರ್ಬುರೇಟರ್ ಕಾಲದ ತುಂಬಾ ಹಳೇ ಕಾರಿದ್ರೆ ಮಾತು ಬೇರೆ, ಅವುಗಳ ಸಂದು ದೊಡ್ಡದು, 20ಡಬ್ಲ್ಯೂ-50 ಅಂತ ಕಂಪನಿಯವರೇ ಬರೆದಿದ್ರೆ ಅದನ್ನೇ ಹಾಕಿ.

ಹಾಕಿದ್ಮೇಲೆ

ಸರಿ ಗ್ರೇಡ್ ತಂದು ಲೆವೆಲ್ ತಪ್ಪಿಸಿದ್ರೆ ಏನು ಬಂತು. ಕಾರು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಿಸಿ ಆಗಿದ್ರೆ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ, ಮೇಲಿರೋ ಆಯಿಲ್ ಕೆಳಗೆ ಇಳೀಲಿ. ಡಿಪ್‌ಸ್ಟಿಕ್ ಎಳೆದಾಗ ಮೊದಲ ಸಲ ಕಾಣೋದನ್ನ ನಂಬ್ಬೇಡಿ, ಪೈಪಿನ ಗೋಡೆಗೆ ತಾಗಿ ಮೇಲಿನ ತನಕ ಬಳ್ಕೊಂಡಿರತ್ತೆ. ನೂಲು ಬಿಡದ ಬಟ್ಟೇಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ಎರಡೂ ಕಡೆ ನೋಡಿ, ಯಾವ ಕಡೆ ಕಮ್ಮಿ ತೋರಿಸತ್ತೋ ಅದನ್ನ ಲೆಕ್ಕಕ್ಕೆ ತಗೊಳ್ಳಿ. ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಅನೇಕ ಕಾರಲ್ಲಿ ಸುಮಾರು 1 ಲೀಟರ್, ಚಿಕ್ಕ ಎಂಜಿನ್‌ನಲ್ಲಿ ಅದಕ್ಕಿಂತ ಕಮ್ಮಿನೂ ಇರಬಹುದು. ಮೇಲಿನ ಗುರುತು ದಾಟಿಸ್ಬೇಡಿ, ಜಾಸ್ತಿ ಆದ ಆಯಿಲ್‌ಗೆ ಕ್ರ್ಯಾಂಕ್ ಬಡಿದು ನೊರೆ ಬರತ್ತೆ, ನೊರೆ ಬಂದ್ರೆ ಪಂಪ್ ಗಾಳಿ ಎಳೆಯತ್ತೆ.

ಕೆಲವು ವಾರ ಬಿಟ್ಟು ನೋಡಿದಾಗ ಲೆವೆಲ್ ಏರಿದ್ರೆ ಖುಷಿ ಪಡ್ಬೇಡಿ, ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್‌ನಲ್ಲಿ ಮತ್ತೆ ಡಿಪಿಎಫ್ ಡೀಸೆಲ್‌ನಲ್ಲಿ ಚಿಕ್ಕ ಚಿಕ್ಕ ಟ್ರಿಪ್ ಹೊಡೀತಿದ್ರೆ ಸುಡದ ಇಂಧನ ಕೆಳಗಿಳಿದು ಆಯಿಲ್ ಜೊತೆ ಸೇರತ್ತೆ, ನೀವು ಹಾಕ್ಸಿದ 30 ಆಗ 30 ಆಗಿ ಉಳಿದಿರಲ್ಲ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಹೊಡೆದ್ರೆ ಕಿಲೋಮೀಟರ್‌ಗೆ ಕಾಯದೇ ಬದಲಾಯಿಸಿ. ಮ್ಯಾನ್ಯುಯಲ್‌ನಲ್ಲಿ ಸಿವಿಯರ್ ಯೂಸ್ ಅಂತ ಇನ್ನೊಂದು ಕಮ್ಮಿ ಅವಧಿಯ ಕಾಲಮ್ ಇರತ್ತೆ, ದಿನಾ ಟ್ರಾಫಿಕ್‌ನಲ್ಲಿ ತೆವಳೋರು, ಧೂಳಿನ ರಸ್ತೇಲಿ ಓಡಾಡೋರು ಆ ಕಾಲಮ್‌ಗೇ ಸೇರೋದು. ಬಣ್ಣ ಕಪ್ಪಾಯ್ತು ಅನ್ನೋದು ಮಾತ್ರ ಕಾರಣ ಅಲ್ಲ, ಡಿಟರ್ಜೆಂಟ್ ಮಸಿ ಹಿಡ್ಕೊಂಡು ಕೆಲಸ ಮಾಡ್ತಿದೆ ಅಂತ ಅಷ್ಟೇ, ಡೀಸೆಲ್‌ನಲ್ಲಂತೂ ಬೇಗನೇ ಕಪ್ಪಾಗತ್ತೆ.

ದಾರೀಲಿ ಲೆವೆಲ್ ಕಮ್ಮಿ ಆಗಿ ನಿಮ್ಮ ಗ್ರೇಡ್ ಸಿಗಲಿಲ್ಲ ಅಂದ್ರೆ ಇರೋ ಹತ್ತಿರದ ಗ್ರೇಡ್‌ನ ಅರ್ಧ ಲೀಟರ್ ಹಾಕ್ಕೊಂಡು ಹೋಗಿ. ಎಪಿಐ ಸ್ಟ್ಯಾಂಡರ್ಡ್ ಪಾಸಾದ ಆಯಿಲ್‌ಗಳು ಒಂದಕ್ಕೊಂದು ಬೆರೆತ್ರೆ ಮೊಸರಾಗಬಾರದು ಅಂತ ಟೆಸ್ಟ್ ಆಗಿರತ್ತೆ, ಮಿನರಲ್‌ಗೆ ಸಿಂಥೆಟಿಕ್ ಸೇರಿದ್ರೂ ಏನಾಗಲ್ಲ, ಬ್ರ್ಯಾಂಡ್ ಬೇರೆ ಆದ್ರೂ ಏನಾಗಲ್ಲ. ಕಮ್ಮಿ ಆಯಿಲಲ್ಲಿ ಓಡಿಸೋದಕ್ಕಿಂತ ಬೇರೆ ಗ್ರೇಡ್ ಬೆರೆಸಿ ಓಡಿಸೋದು ಎಷ್ಟೋ ವಾಸಿ, ಆಮೇಲೆ ಮುಂದಿನ ಸರ್ವಿಸ್ ಸ್ವಲ್ಪ ಬೇಗ ಮಾಡಿಸಿದ್ರಾಯ್ತು. ಮತ್ತೆ ಆಯಿಲ್ ಬದಲಾಯಿಸಿದ ದಿನ ಹಾಕಿದ ಗ್ರೇಡ್, ಎಪಿಐ ಅಕ್ಷರ, ಕಿಲೋಮೀಟರ್ ಮೂರನ್ನೂ ಒಂದು ಸ್ಟಿಕ್ಕರ್ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿಡಿ, ಮುಂದಿನ ಸಲ ಯಾರು ಟಾಪ್ ಅಪ್ ಮಾಡಿದ್ರೂ ಕೇಳೋ ಕೆಲಸ ಇರಲ್ಲ.